ಗುಜರಿ ಮೂಟೆಯೊಳಗಿನ ಸೈಕಲ್ಲು

ಹಳೇ ಸೈಕಲ್ ಸಾಮಾನು ಹುಡುಕೋದು ನನ್ನ ಹುಚ್ಚು. ಕಳೆದ ಬೇಸಿಗೆಯಲ್ಲಿ ತುಮಕೂರು ಕಡೆಯ ಗುಜರಿ ಅಂಗಡಿಯವರೊಬ್ಬರು ಫೋನ್ ಮಾಡಿದರು. "ಸಾರ್, ಹಳೇ ಸೈಕಲ್ ಶಾಪ್ ಒಂದು ಖಾಲಿ ಮಾಡಿಸಿದ್ವಿ. ಒಂದು ಮೂಟೆ ಸಾಮಾನಿದೆ, ಬೇಕಿದ್ರೆ ಇವತ್ತೇ ಬನ್ನಿ, ನಾಳೆ ಲಾರಿಗೆ ಹೋಗುತ್ತೆ." ಹೋಗಿ ಮೂಟೆ ಸುರಿಸಿದರೆ ಎಲ್ಲಾ ಒಂದೇ ಬಣ್ಣ, ಇಟ್ಟಿಗೆ ಪುಡಿಯಲ್ಲಿ ಹೊರಳಾಡಿಸಿದ ಹಾಗೆ.

ನಾನು ಮೊದಲು ಮುಟ್ಟಿ ನೋಡೋದು ತುಕ್ಕನ್ನೇ. ಪುಡಿಯಾಗಿ ಬೆರಳಿಗೆ ಹತ್ತಿದರೆ ಚಿಂತೆಯಿಲ್ಲ, ಅದು ಬರೀ ಮೇಲಿನದು. ಹಪ್ಪಳದಂತೆ ಪದರ ಎದ್ದರೆ ಒಳಗೆ ಗುಳಿ ಬಿದ್ದಿರುತ್ತೆ. ರಿಮ್ಮಾದರೆ ಕಡ್ಡಿ ತೂತಿನ ಸುತ್ತ ಮೊಳೆಯಿಂದ ಒತ್ತಿ ನೋಡ್ತೀನಿ. ಮೊಳೆ ಇಳಿಯಿತೋ, ಅದು ತೂಕಕ್ಕೆ ಹೋಗುವ ಗುಜರಿ.

ಆಮೇಲೆ ಒಂದು ಮೂಲೆಗೆ ಸೀಮೆಎಣ್ಣೆ ಹಚ್ಚಿ (ಈಗ ಅದು ಸಿಗೋದೂ ಕಷ್ಟ, ಡೀಸೆಲ್ ನಡೆಯುತ್ತೆ) ಹಳೇ ಟೂತ್‌ಬ್ರಷ್‌ನಲ್ಲಿ ಉಜ್ಜಬೇಕು. ಕೆಳಗೆ ನೀಲಿ ಛಾಯೆಯ ಹೊಳಪು ಬಂದರೆ ಕ್ರೋಮ್ ಲೇಪ. ಹಾಲಿಗೆ ಚೂರು ಅರಿಶಿನ ಬೆರೆಸಿದಂಥ ಮಂದ ಬೆಳ್ಳಿ ಬಣ್ಣ ಬಂದರೆ ನಿಕಲ್. ಸೈಕಲ್ಲಿಗೆ ಕ್ರೋಮ್ ಬಂದಿದ್ದು 1920ರ ದಶಕದ ಕೊನೆಯಲ್ಲಿ. ಹಾಗಾಗಿ ನಿಕಲ್ ಕಂಡರೆ, ಅದಕ್ಕೂ ಹಳೆಯದಿರಬಹುದು ಅಂತ ನನ್ನ ಕೈ ನಿಧಾನವಾಗುತ್ತೆ.

ಅಕ್ಷರ ನೋಡಿ ಮೋಸಹೋಗುವವರೇ ಹೆಚ್ಚು. ಬಿಎಸ್‌ಎ ಅಂದಕೂಡಲೇ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ಅಂದುಕೊಳ್ತಾರೆ. ಆ ಹೆಸರಿನ ಸೈಕಲ್ಲು ಮದ್ರಾಸಿನ ಟಿಐ ಕಾರ್ಖಾನೆಯಲ್ಲೂ ತಯಾರಾಗಿದೆ. ರ‍್ಯಾಲೆ ಕೂಡ ಅಷ್ಟೇ: ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನದೂ ಉಂಟು, ಬಂಗಾಳದ ಅಸನ್ಸೋಲ್‌ನ ಸೆನ್-ರ‍್ಯಾಲೆಯದೂ ಉಂಟು. ಇನ್ನೊಂದು ತೊಡಕು: ಬಿಎಸ್‌ಎ ಬಿಡಿಭಾಗಗಳನ್ನು ಬೇರೆ ಕಂಪನಿಗಳೂ ಕೊಂಡು ತಮ್ಮ ಸೈಕಲ್ಲಿಗೆ ಹಾಕುತ್ತಿದ್ದವು. ಬಿಎಸ್‌ಎಯ ಮೂರು ಬಂದೂಕಿನ ಗುರುತು ಆ ಭಾಗದ ಹುಟ್ಟನ್ನಷ್ಟೇ ಹೇಳುತ್ತೆ, ಇಡೀ ಸೈಕಲ್ಲಿನದ್ದಲ್ಲ.

ಆ ರಾಶಿಯಲ್ಲಿ ಸ್ಟರ್ಮಿ-ಆರ್ಚರ್ ಗೇರ್ ಹಬ್ (ಒಳಗೇ ಗೇರ್ ಇರುವ ಹಿಂದಿನ ಚಕ್ರದ ಗುಂಬ) ಒಂದಿತ್ತು. ಉಜ್ಜಿದಾಗ "ಎಡಬ್ಲ್ಯು" ಅನ್ನೋ ಮಾದರಿ ಹೆಸರು, ಪಕ್ಕದಲ್ಲಿ 54, ಮತ್ತೆ 7: 1954ರ ಜುಲೈ. ಹೊರಗೆ ಕೆಂಪಗಿದ್ದರೂ ಆಕ್ಸಲ್ ಹಿಡಿದು ತಿರುಗಿಸಿದರೆ ಟಿಕ್ ಟಿಕ್ ಅಂತ ಓಡಿತು. ಎಣ್ಣೆಯಲ್ಲಿ ಓಡುವ ಹಬ್ಬು, ಒಳಗೆ ಅಷ್ಟು ಬೇಗ ಕೆಡಲ್ಲ. ಆದರೆ ಈ ಮಾದರಿ ಲಕ್ಷಗಟ್ಟಲೆ ತಯಾರಾದದ್ದು. ಓಡಿಸುವವನಿಗೆ ಚಿನ್ನ, ಕೂಡಿಡುವವನಿಗೆ ಸಾಧಾರಣ. ನಾನು ಅದಕ್ಕೆ ಹೆಚ್ಚು ಬೆಲೆ ಕಟ್ಟಲಿಲ್ಲ.

ಲ್ಯಾಂಪಿನ ವಿಷಯದಲ್ಲಿ ಕೈ ಸುಟ್ಟುಕೊಂಡಿದ್ದೇನೆ. ವರ್ಷಗಳ ಹಿಂದೆ ಲೂಕಾಸ್‌ನ ಎಣ್ಣೆ ದೀಪ ಸಿಕ್ಕಿತ್ತು. ಒಂದು ಪಕ್ಕ ಕೆಂಪು, ಇನ್ನೊಂದು ಪಕ್ಕ ಹಸಿರು ಗಾಜು, ಎರಡೂ ಒಡೆದಿರಲಿಲ್ಲ. ಹೊಳೆಯಲಿ ಅಂತ ಪ್ಲೇಟಿಂಗ್ ಅಂಗಡಿಗೆ ಕೊಟ್ಟೆ. ಅವನು ಬಫಿಂಗ್ ಚಕ್ರಕ್ಕೆ ಹಿಡಿದು ಹೆಸರಿನ ಉಬ್ಬಕ್ಷರಗಳನ್ನೇ ಸವೆಸಿಬಿಟ್ಟ. ಮಿರಮಿರ ಮಿಂಚುತ್ತಿತ್ತು, ಮದುವೆ ಮನೆಯ ಪನ್ನೀರುದಾನಿ ಥರ. ಮೊದಲು ಆರು ಸಾವಿರ ಕೊಡ್ತೀನಿ ಅಂದಿದ್ದವರು ನೋಡಿ, ಒಂದೂವರೆಗೆ ಕೊಟ್ಟರೆ ಕೊಡಿ ಅಂದರು. ಅಂದಿನಿಂದ ತುಕ್ಕಿಗೆ ನಿಂಬೆ ಉಪ್ಪಿನ ನೀರು, ಅದೂ ಗಂಟೆಗೊಮ್ಮೆ ಎತ್ತಿ ನೋಡಿಕೊಂಡು. ಕಂಪನಿಯ ಮೂಲ ಬಣ್ಣ, ಚಿನ್ನದ ಗೆರೆ ಉಳಿದಿದ್ದರೆ ಅದನ್ನೂ ಮಾಡಲ್ಲ. ಎಣ್ಣೆ ಬಟ್ಟೆಯಲ್ಲಿ ಒರೆಸಿ ಇಟ್ಟುಬಿಡ್ತೀನಿ.

ಮೂಟೆಗೆ ವಾಪಸ್ ಬರ್ತೀನಿ. ತಳದಲ್ಲಿ ಪೆಡಲ್ ಜೊತೆ ತಿರುಗುವ ಹಲ್ಲುಚಕ್ರ, ಅಂದರೆ ಒಂದು ಚೈನ್‌ವೀಲ್ ಸಿಕ್ಕಿತು. ಹಲ್ಲುಗಳ ನಡುವಿನ ಅಂತರ ಮಾಮೂಲಿಗಿಂತ ದುಪ್ಪಟ್ಟು. ಈಗಿನ ಚೈನು ಅರ್ಧ ಇಂಚಿನದು, ಇದು ಒಂದು ಇಂಚಿನ ಹಳೇ ಚೈನಿಗೆ ಮಾಡಿದ್ದು. ಹಲ್ಲು ಸವೆದು ಒಂದೇ ಕಡೆಗೆ ಬಾಗಿರಲಿಲ್ಲ, ಉಜ್ಜಿದರೆ ನಿಕಲ್. ನಾನು ಅದನ್ನು ಮೆಲ್ಲಗೆ ಪೆಡಲ್‌ಗಳ ಕೆಳಗೆ ತಳ್ಳಿ, ಹಬ್ಬನ್ನೇ ತಿರುಗಿಸಿ ತಿರುಗಿಸಿ ನೋಡುತ್ತಾ ಕೂತೆ.

"ಒಟ್ಟು ತೂಕಕ್ಕೆ ಹಾಕಿ" ಅಂದೆ.

ಅವರು ಪೆಡಲ್ ಸರಿಸಿ ಚೈನ್‌ವೀಲ್ ಎತ್ತಿಕೊಂಡರು. "ಇದು ತೂಕಕ್ಕಿಲ್ಲ ಸಾರ್. ಎರಡು ಸಲ ಉಜ್ಜಿದ್ದೀರಿ, ನೋಡಿದೆ."

ಎಂಟುನೂರಕ್ಕೆ ಇಳಿಸಿದರು. ಅದಕ್ಕೆ ಹೊಂದುವ ಚೈನು ಇನ್ನೂ ಹುಡುಕುತ್ತಿದ್ದೇನೆ.