ನೆಬ್ರಾಸ್ಕ ಫುಟ್‌ಬಾಲಿನ ಇಳಿಗಾಲವನ್ನು ಅಭಿಮಾನಿಯಾಗಿ ವಿಚಾರ ಮಾಡುವ ಬಗೆ

ಅಮೆರಿಕದ ಕಾಲೇಜು ಫುಟ್‌ಬಾಲಿನಲ್ಲಿ (ಇದು ಸಾಕರ್ ಅಲ್ಲ, ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಆಟ) ನಾಲ್ಕು ದಶಕ ಮೆರೆದ ನೆಬ್ರಾಸ್ಕ ವಿಶ್ವವಿದ್ಯಾಲಯದ ತಂಡ ಏಕೆ ಕುಸಿಯಿತು ಎಂದು ಅದರ ಅಭಿಮಾನಿಗಳನ್ನು ಕೇಳಿದರೆ ಸಾಮಾನ್ಯವಾಗಿ ಒಂದು ಹೆಸರು ಉತ್ತರವಾಗಿ ಬರುತ್ತದೆ. ಕೆಲವರು ಕೋಚ್ ಫ್ರ್ಯಾಂಕ್ ಸೋಲಿಚ್ ಅವರನ್ನು ತೆಗೆದುಹಾಕಿದ ಕ್ರೀಡಾ ನಿರ್ದೇಶಕ ಸ್ಟೀವ್ ಪೆಡರ್ಸನ್ ಅವರನ್ನು ದೂರುತ್ತಾರೆ, ಕೆಲವರು ಅನಂತರ ಬಂದ ಬಿಲ್ ಕ್ಯಾಲಹನ್ ಅವರನ್ನು, ಇನ್ನು ಕೆಲವರು ಟೆಕ್ಸಸ್ ವಿಶ್ವವಿದ್ಯಾಲಯವನ್ನು. ಈ ಉತ್ತರಗಳಲ್ಲಿ ಸತ್ಯಾಂಶ ಇಲ್ಲದಿಲ್ಲ. ಆದರೆ ಯಾವುದು ಕಾರಣ, ಯಾವುದು ಪರಿಣಾಮ ಎಂದು ಬೇರ್ಪಡಿಸದೆ ಮಾತಾಡಿದರೆ ಚರ್ಚೆ ಸಿಟ್ಟಿನಲ್ಲೇ ಕೊನೆಯಾಗುತ್ತದೆ. ಈ ತಂಡವನ್ನು ಪ್ರೀತಿಸುವವರು ಅದರ ಇಳಿಗಾಲವನ್ನು ಸರಿಯಾಗಿ ತಿಳಿಯಬೇಕಾದರೆ ಹೀಗೆ ಮುಂದುವರಿಯಬಹುದು.

ಮೊದಲು ವೈಭವದ ಗಡಿಗಳನ್ನು ಗುರುತಿಸಿಕೊಳ್ಳಿ. ಬಾಬ್ ಡೆವೇನಿ 1962ರಲ್ಲಿ ಕೋಚ್ ಆಗಿ ಬಂದರು. 1970 ಮತ್ತು 1971ರಲ್ಲಿ ತಂಡ ರಾಷ್ಟ್ರೀಯ ಚಾಂಪಿಯನ್ ಆಯಿತು. ಅವರ ನಂತರ ಟಾಮ್ ಆಸ್ಬರ್ನ್ 1973ರಿಂದ 1997ರವರೆಗೆ 25 ಋತು ತಂಡವನ್ನು ನಡೆಸಿ 255 ಪಂದ್ಯ ಗೆದ್ದರು, 49 ಸೋತರು, 3 ಸಮವಾದವು. 1994, 1995 ಮತ್ತು 1997ರ ಪ್ರಶಸ್ತಿಗಳು ಅವರ ಕಾಲದವು. ಅವುಗಳಲ್ಲಿ ಕೊನೆಯದನ್ನು ಮಿಷಿಗನ್ ಜೊತೆ ಹಂಚಿಕೊಳ್ಳಬೇಕಾಯಿತು. 1962ರಿಂದ 2001ರವರೆಗೆ ಪ್ರತಿ ಋತುವಿನಲ್ಲೂ ಸೋಲಿಗಿಂತ ಗೆಲುವು ಹೆಚ್ಚಿತ್ತು, 1969ರಿಂದ 2001ರವರೆಗೆ ಒಂಬತ್ತಕ್ಕಿಂತ ಕಡಿಮೆ ಗೆಲುವಿನ ಋತುವೂ ಇರಲಿಲ್ಲ. 2002ರಲ್ಲಿ ಫಲಿತಾಂಶ 7–7, ಅಂದರೆ ಏಳು ಗೆಲುವು, ಏಳು ಸೋಲು. ಎರಡೂ ಸರಣಿಗಳು ಒಂದೇ ವರ್ಷ ಮುರಿದವು. ಹಾಗಾಗಿ ನಿಮ್ಮ ವಿಚಾರಣೆಗೆ 2002 ಒಂದು ಗಟ್ಟಿಯಾದ ಗಡಿಕಲ್ಲು.

ಇನ್ನು ನಾನು ಎಲ್ಲಕ್ಕಿಂತ ಮುಖ್ಯವೆಂದು ತಿಳಿದಿರುವ ನಿಯಮ. ಆ ಕಾಲದ ಕಾಲೇಜು ಫುಟ್‌ಬಾಲಿನಲ್ಲಿ ಒಬ್ಬ ಆಟಗಾರ ನಾಲ್ಕೈದು ವರ್ಷ ಒಂದೇ ತಂಡದಲ್ಲಿರುತ್ತಿದ್ದ. ಸೇರಿದ ಮೊದಲ ವರ್ಷ ಬರೀ ಅಭ್ಯಾಸದಲ್ಲಿ ಕಳೆದು, ಮೂರನೆಯ ಅಥವಾ ನಾಲ್ಕನೆಯ ವರ್ಷದಲ್ಲಿ ಮುಖ್ಯ ಹನ್ನೊಂದರೊಳಗೆ ಬರುವುದು ಸಾಮಾನ್ಯವಾಗಿತ್ತು. ಆದ್ದರಿಂದ ಒಂದು ವರ್ಷ ನಡೆದ ತಪ್ಪು ಫಲಿತಾಂಶಗಳಲ್ಲಿ ಕಾಣಿಸಿಕೊಳ್ಳುವುದು ನಾಲ್ಕೈದು ವರ್ಷಗಳ ನಂತರ. 2002ರ ಸೋಲುಗಳ ಬೇರನ್ನು 1997–98ರ ಆಸುಪಾಸಿನಲ್ಲಿ ಹುಡುಕಬೇಕೇ ಹೊರತು 2002ರಲ್ಲಲ್ಲ.

ಈ ನಿಯಮವನ್ನು ಕೈಯಲ್ಲಿ ಹಿಡಿದು ಪ್ರಚಲಿತ ವಾದಗಳನ್ನು ಒಂದೊಂದಾಗಿ ಪರೀಕ್ಷಿಸಿ. ಒಂದು ತಂಡ ಎಷ್ಟು ಆಟಗಾರರಿಗೆ ವಿದ್ಯಾರ್ಥಿವೇತನ ಕೊಡಬಹುದೆಂಬ ಮಿತಿಯಿಂದ ನೆಬ್ರಾಸ್ಕ ಕೆಟ್ಟಿತು ಎಂಬುದು ಒಂದು ವಾದ. 1970ರ ದಶಕದಲ್ಲಿ 105, ಆಮೇಲೆ 95 ಇದ್ದ ಮಿತಿ 1994ರ ಹೊತ್ತಿಗೆ 85ಕ್ಕೆ ಇಳಿದದ್ದು ನಿಜ. ಆದರೆ 1993ರಿಂದ 1997ರವರೆಗಿನ ಐದು ಋತುಗಳಲ್ಲಿ ತಂಡ 60 ಪಂದ್ಯ ಗೆದ್ದು ಮೂರನ್ನು ಮಾತ್ರ ಸೋತಿತು. ವಿದ್ಯಾರ್ಥಿವೇತನವಿಲ್ಲದೆ ಸ್ವಂತ ಖರ್ಚಿನಲ್ಲಿ ಬಂದು ಸೇರುವ ಸ್ಥಳೀಯ ಹುಡುಗರು, ಅಂದರೆ ವಾಕ್-ಆನ್‌ಗಳು, ನೆಬ್ರಾಸ್ಕದಲ್ಲಿ ಬೇರೆಲ್ಲೂ ಇಲ್ಲದಷ್ಟು ಮಂದಿ ಇದ್ದರು. ಮಿತಿ ಬಿಗಿಯಾದಾಗ ಅವರಿಂದ ತಂಡಕ್ಕೆ ಲಾಭವೇ ಆಯಿತು ಎಂದು ನನ್ನ ಅಭಿಪ್ರಾಯ. ಈ ವಾದವನ್ನು ಬದಿಗಿಡಬಹುದು.

ಬಿಗ್ 12 ಎಂಬ ಕಾನ್ಫರೆನ್ಸ್, ಅಂದರೆ ತಮ್ಮೊಳಗೆ ಆಡುವ ತಂಡಗಳ ಒಕ್ಕೂಟ, ಕುರಿತ ವಾದ ಇಷ್ಟು ಸುಲಭವಾಗಿ ಬಿದ್ದುಹೋಗುವುದಿಲ್ಲ. 1996ರಲ್ಲಿ ನೆಬ್ರಾಸ್ಕವಿದ್ದ ಹಳೆಯ ಬಿಗ್ ಎಯ್ಟ್ ಒಕ್ಕೂಟದ ತಂಡಗಳು ಟೆಕ್ಸಸ್‌ನ ನಾಲ್ಕು ತಂಡಗಳೊಂದಿಗೆ ಸೇರಿದಾಗ, ಪ್ರವೇಶದ ಶೈಕ್ಷಣಿಕ ಅರ್ಹತೆಯನ್ನು ಭಾಗಶಃ ಮಾತ್ರ ಪೂರೈಸಿದ ಆಟಗಾರರ ಸಂಖ್ಯೆಗೆ ನೆಬ್ರಾಸ್ಕದ ವಿರೋಧವನ್ನು ಮೀರಿ ಕಡಿವಾಣ ಬಿತ್ತು. ಕೆಲವು ವರ್ಷಗಳಲ್ಲೇ ಒಕ್ಲಹೋಮ ಜೊತೆ ಪ್ರತಿವರ್ಷ ನಡೆಯುತ್ತಿದ್ದ ಪಂದ್ಯವೂ ನಿಂತಿತು. ಆಗ ಇಪ್ಪತ್ತು ಲಕ್ಷಕ್ಕಿಂತ ಕಡಿಮೆ ಜನಸಂಖ್ಯೆಯಿದ್ದ, ದೊಡ್ಡ ಆಟಗಾರರನ್ನು ಹೊರಗಿನಿಂದಲೇ ಕರೆತರಬೇಕಾದ ರಾಜ್ಯಕ್ಕೆ ಇವು ಸಣ್ಣ ಪೆಟ್ಟುಗಳಲ್ಲ. 1996ಕ್ಕೆ ನಾಲ್ಕೈದು ವರ್ಷ ಕೂಡಿಸಿ ನೋಡಿ, ಲೆಕ್ಕ ಹೆಚ್ಚುಕಡಿಮೆ ಹೊಂದಿಕೊಳ್ಳುತ್ತದೆ.

ಸೋಲಿಚ್ ಅವರನ್ನು ತೆಗೆದದ್ದು 2003ರ ನವೆಂಬರ್‌ನಲ್ಲಿ. ಆರು ಋತುಗಳಲ್ಲಿ 58 ಗೆದ್ದು 19 ಸೋತ, ಆ ವರ್ಷವೂ ಒಂಬತ್ತು ಪಂದ್ಯ ಗೆದ್ದಿದ್ದ ವ್ಯಕ್ತಿಗೆ ಅದು ಅನ್ಯಾಯವಾಯಿತು ಎಂದೇ ನಾನು ನಂಬುತ್ತೇನೆ. ಆದರೂ 7–7 ಋತು ಅದಕ್ಕಿಂತ ಮೊದಲೇ ಬಂದಿತ್ತು. ಅನ್ಯಾಯವೆಲ್ಲ ಕುಸಿತದ ಆರಂಭವಾಗಿರಲೇಬೇಕೆಂದಿಲ್ಲ.

ಅಂಕಿಗಳ ಜೊತೆಗೆ ಆಟವನ್ನೂ ನೋಡಲೇಬೇಕು. 1995ರ ಋತುವಿನ ಕೊನೆಯ ಪಂದ್ಯವಾದ ಫಿಯೆಸ್ಟಾ ಬೌಲ್‌ನಲ್ಲಿ ಫ್ಲೋರಿಡಾ ವಿರುದ್ಧ 62–24ರಿಂದ ಗೆದ್ದ ಪಂದ್ಯದ ದೃಶ್ಯಗಳನ್ನು ಹುಡುಕಿ, ಟಾಮಿ ಫ್ರೇಜಿಯರ್ 75 ಗಜ ಓಡಿದ ಆಟವನ್ನು ನಿಧಾನಗತಿಯಲ್ಲಿ ನೋಡಿ. ಅದು ಆಪ್ಷನ್ ಎಂಬ ಪದ್ಧತಿಯ ಆಟ. ಆಕ್ರಮಣವನ್ನು ನಡೆಸುವ ಕ್ವಾರ್ಟರ್‌ಬ್ಯಾಕ್ (ಇಲ್ಲಿ ಫ್ರೇಜಿಯರ್) ಚೆಂಡು ಹಿಡಿದು ಮೈದಾನದ ಅಂಚಿನ ಕಡೆಗೆ ಓಡುತ್ತಾನೆ, ಸ್ವಲ್ಪ ಹಿಂದೆ ಹೊರಬದಿಯಲ್ಲಿ ಇನ್ನೊಬ್ಬ ಓಟಗಾರ ಜೊತೆಗಿರುತ್ತಾನೆ, ಎದುರಾಳಿಗಳಲ್ಲಿ ಒಬ್ಬನನ್ನು ಬೇಕೆಂದೇ ತಡೆಯದೆ ಬಿಟ್ಟಿರುತ್ತಾರೆ. ಆ ಒಬ್ಬ ಕ್ವಾರ್ಟರ್‌ಬ್ಯಾಕ್ ಮೇಲೆ ನುಗ್ಗಿದರೆ ಚೆಂಡು ಹೊರಗಿನವನಿಗೆ ಹೋಗುತ್ತದೆ. ಹೊರಗಿನವನತ್ತ ಸರಿದರೆ ಕ್ವಾರ್ಟರ್‌ಬ್ಯಾಕ್ ತಾನೇ ನುಸುಳುತ್ತಾನೆ. ಫ್ರೇಜಿಯರ್ ಚೆಂಡನ್ನು ತಾನೇ ಇಟ್ಟುಕೊಂಡು, ಮೈಮೇಲೆ ಬಿದ್ದವರನ್ನೆಲ್ಲ ಕೊಡವಿಕೊಂಡು ಹೋದುದನ್ನು ಎಲ್ಲರೂ ನೆನೆಯುತ್ತಾರೆ. ನೀವು ಮಾತ್ರ ಅವನನ್ನು ಬಿಟ್ಟು ಎದುರಾಳಿಗಳನ್ನು ತಡೆಯುವ ಮುಂದಿನ ಸಾಲಿನ ಐವರ ಕಾಲುಗಳನ್ನು ಗಮನಿಸಿ. ಐವರೂ ಏಕಕಾಲಕ್ಕೆ ಚಲಿಸುವ ಆ ಶಿಸ್ತನ್ನು ಮಿಲ್ಟ್ ಟೆನೊಪಿರ್ ಎಂಬ ಸಹಾಯಕ ಕೋಚ್ 1974ರಿಂದ 2002ರವರೆಗೆ ಕಲಿಸಿದರು. ರಕ್ಷಣಾ ವಿಭಾಗವನ್ನು ಬಹುಕಾಲ ನಡೆಸಿದ ಚಾರ್ಲಿ ಮೆಕ್‌ಬ್ರೈಡ್ 1999ರ ಋತುವಿನ ನಂತರ ನಿವೃತ್ತರಾದರು. 1969ರಲ್ಲೇ ಬಾಯ್ಡ್ ಎಪ್ಲಿ ಅವರನ್ನು ನೇಮಿಸಿಕೊಂಡು ಕಟ್ಟಿದ ವ್ಯಾಯಾಮ ಪದ್ಧತಿಯನ್ನು ಅಷ್ಟರಲ್ಲಿ ಎಲ್ಲ ವಿಶ್ವವಿದ್ಯಾಲಯಗಳೂ ಅನುಸರಿಸುತ್ತಿದ್ದವು. ಮುಖ್ಯ ಕೋಚ್ ಬದಲಾದದ್ದು ಸುದ್ದಿಯಾಗುತ್ತದೆ, ಇಂಥವು ಆಗುವುದಿಲ್ಲ. ಇಳಿಗಾಲದ ವಿಚಾರಣೆಯಲ್ಲಿ ಇವಕ್ಕೇ ಹೆಚ್ಚು ಸಮಯ ಕೊಡಿ.

ಅದರ ಬೆನ್ನಿಗೇ 2001ರ ನವೆಂಬರ್ 23ರಂದು ಕೊಲೊರಾಡೊ ವಿರುದ್ಧ ನಡೆದ ಪಂದ್ಯವನ್ನು ನೋಡಿ. ಅಲ್ಲಿಯವರೆಗೆ ಅಜೇಯವಾಗಿದ್ದ ನೆಬ್ರಾಸ್ಕ 62–36ರಿಂದ ಸೋತಿತು, ಎದುರಾಳಿಯ ಕ್ರಿಸ್ ಬ್ರೌನ್ ಒಬ್ಬನೇ ಆರು ಟಚ್‌ಡೌನ್ ಗಳಿಸಿದ, ಅಂದರೆ ಆರು ಸಲ ಚೆಂಡನ್ನು ಮೈದಾನದ ಕೊನೆಯ ಗೆರೆ ದಾಟಿಸಿದ. ನೆಬ್ರಾಸ್ಕ ಬೇರೆಯವರಿಗೆ ಮಾಡುತ್ತಿದ್ದುದನ್ನು ಅಂದು ಬೇರೆಯವರು ನೆಬ್ರಾಸ್ಕಕ್ಕೆ ಮಾಡಿದರು. ಅಭಿಮಾನಿಗಳಿಗೆ ಮತ್ತೆ ನೋಡಲು ಮನಸ್ಸು ಬಾರದ ಪಂದ್ಯ ಅದು, ಆದರೂ ನೋಡಬೇಕು.

2003ರ ನಂತರದ ಕೋಚ್‌ಗಳನ್ನು ಒಂದೇ ತಕ್ಕಡಿಯಲ್ಲಿ ತೂಗಬೇಡಿ. ಕ್ಯಾಲಹನ್ ಆಪ್ಷನ್ ಪದ್ಧತಿಯನ್ನು ಕೈಬಿಟ್ಟು ಚೆಂಡನ್ನು ಮುಂದಕ್ಕೆ ಎಸೆಯುವ, ಪಾಸ್ ಆಧಾರಿತ ಆಟ ತಂದರು. ಮೊದಲ ವರ್ಷವೇ 5–6, 2007ರಲ್ಲಿ ಕ್ಯಾನ್ಸಸ್ ಎದುರು 76–39ರ ಸೋಲು. ಬೋ ಪೆಲಿನಿ 2008ರಿಂದ ಏಳು ಋತುಗಳಲ್ಲೂ ಕನಿಷ್ಠ ಒಂಬತ್ತು ಪಂದ್ಯ ಗೆದ್ದರು, ಕಾನ್ಫರೆನ್ಸ್ ಪ್ರಶಸ್ತಿ ಮಾತ್ರ ದಕ್ಕಲಿಲ್ಲ. 2009ರ ಬಿಗ್ 12 ಫೈನಲ್‌ನಲ್ಲಿ ಗಡಿಯಾರಕ್ಕೆ ಒಂದು ಸೆಕೆಂಡು ಮರಳಿ ಸೇರಿದ್ದರಿಂದ ಟೆಕ್ಸಸ್ 13–12ರಿಂದ ಗೆದ್ದಿತು. ಆಗ ಪೆಲಿನಿ ಅವರಿಗೆ ಸಿಗಬೇಕಾದಷ್ಟು ಮನ್ನಣೆ ಸಿಗಲಿಲ್ಲ. ಸ್ಕಾಟ್ ಫ್ರಾಸ್ಟ್ 1997ರ ಚಾಂಪಿಯನ್ ತಂಡದ ಕ್ವಾರ್ಟರ್‌ಬ್ಯಾಕ್ ಆಗಿದ್ದವರು. ಕೋಚ್ ಆಗಿ 16 ಗೆದ್ದು 31 ಸೋತರು. 2021ರ ಅವರ 3–9 ಋತುವಿನ ಒಂಬತ್ತೂ ಸೋಲುಗಳ ಅಂತರ ಒಂದಂಕಿಯದು, ಇಡೀ ಋತುವಿನಲ್ಲಿ ತಂಡ ಬಿಟ್ಟುಕೊಟ್ಟ ಅಂಕಗಳಿಗಿಂತ ಗಳಿಸಿದವೇ ಹೆಚ್ಚು. ಗೆಲುವು-ಸೋಲಿನ ಪಕ್ಕದಲ್ಲಿ ಅಂತರವನ್ನೂ ಬರೆದುಕೊಂಡರೆ ಇಂಥ ಸಂಗತಿಗಳು ತಾವಾಗಿ ಕಣ್ಣಿಗೆ ಬೀಳುತ್ತವೆ.

ವೈಭವದ ಕಾಲವನ್ನು ನೆನೆಯುವಾಗ ಅದರ ಕಪ್ಪು ಪುಟವನ್ನು ಹರಿದುಹಾಕಬಾರದು. 1995ರಲ್ಲಿ ತಂಡದ ಓಟಗಾರ ಲಾರೆನ್ಸ್ ಫಿಲಿಪ್ಸ್ ತನ್ನ ಹಿಂದಿನ ಗೆಳತಿಯ ಮೇಲೆ ಹಲ್ಲೆ ಮಾಡಿದಾಗ ಆಸ್ಬರ್ನ್ ಅವನನ್ನು ಅಮಾನತು ಮಾಡಿದರೂ ಅದೇ ಋತುವಿನಲ್ಲಿ ಮತ್ತೆ ಆಡಿಸಿದರು. ಆ ಹೆಣ್ಣುಮಗಳ ನೋವನ್ನು ಮರೆಮಾಚಿ 1995ರ ತಂಡವನ್ನು ಹೊಗಳುವುದು ನನ್ನಿಂದ ಆಗದು, ಯಾರಿಂದಲೂ ಆಗಬಾರದು.

ರಾಜ್ಯ ಚಿಕ್ಕದು, ಇನ್ನು ಏನೂ ಸಾಧ್ಯವಿಲ್ಲ ಎಂದು ಯಾರಾದರೂ ಕೈಚೆಲ್ಲಿದರೆ, ಅದೇ ವಿಶ್ವವಿದ್ಯಾಲಯದ ಮಹಿಳಾ ವಾಲಿಬಾಲ್ ತಂಡವನ್ನು ತೋರಿಸಿ. ಐದು ರಾಷ್ಟ್ರೀಯ ಪ್ರಶಸ್ತಿ ಗೆದ್ದ ಆ ತಂಡದ ಪಂದ್ಯವನ್ನು 2023ರ ಆಗಸ್ಟ್ 30ರಂದು ವಿಶ್ವವಿದ್ಯಾಲಯವಿರುವ ಲಿಂಕನ್ ನಗರದ ಮೆಮೋರಿಯಲ್ ಕ್ರೀಡಾಂಗಣದಲ್ಲಿ 92,003 ಮಂದಿ ನೋಡಿದರು. 1962ರ ನವೆಂಬರ್‌ನಿಂದ ಆರಂಭವಾಗಿ ನಾನೂರಕ್ಕೂ ಹೆಚ್ಚು ಫುಟ್‌ಬಾಲ್ ಪಂದ್ಯಗಳ ಟಿಕೆಟ್ ಪೂರ್ತಿ ಖರ್ಚಾದದ್ದೂ ಅಲ್ಲಿಯೇ. ಆಸ್ಥೆಗಾಗಲಿ ಹಣಕ್ಕಾಗಲಿ ಅಲ್ಲಿ ಕೊರತೆ ಇರಲಿಲ್ಲ.

ಈಗಿನ ತಂಡವನ್ನು ಅಳೆಯುವಾಗ ನಾಲ್ಕೈದು ವರ್ಷದ ನಿಯಮವನ್ನು ಸಡಿಲಿಸಿಕೊಳ್ಳಿ. 2021ರಿಂದ ಆಟಗಾರರು ಒಂದು ವರ್ಷ ಹೊರಗೆ ಕೂರದೆ ತಂಡ ಬದಲಿಸಬಹುದು, ತಮ್ಮ ಹೆಸರಿನಿಂದ ಹಣವನ್ನೂ ಗಳಿಸಬಹುದು. ಹಾಗಾಗಿ ತಪ್ಪೂ ತಿದ್ದುಪಡಿಯೂ ಬೇಗ ಕಾಣುತ್ತವೆ. ಫ್ರಾಸ್ಟ್ ನಂತರ ಕೋಚ್ ಆದ ಮ್ಯಾಟ್ ರೂಲ್ 2023ರಲ್ಲಿ 5–7, 2024ರಲ್ಲಿ 7–6 ಪಡೆದರು. ಆ ಎರಡನೆಯದು 2016ರ ನಂತರ ಗೆಲುವು ಹೆಚ್ಚಿದ್ದ ಮೊದಲ ಋತು. ಇದನ್ನು 1995ರ ಪಕ್ಕದಲ್ಲಿಡದೆ 2017ರಿಂದ 2022ರವರೆಗಿನ ಆರು ಋತುಗಳ ಪಕ್ಕದಲ್ಲಿಟ್ಟು ನೋಡಿ, ಮತ್ತು ಪ್ರತಿ ವರ್ಷ ತಂಡ ಬಿಟ್ಟುಹೋದವರ ಹಾಗೂ ಹೊಸದಾಗಿ ಬಂದವರ ಪಟ್ಟಿಯನ್ನು ಮುಂದಿನ ಋತುವಿನ ಮೊದಲ ಪಂದ್ಯಕ್ಕೆ ಮುನ್ನ ಓದಿಕೊಳ್ಳಿ.