ಮಂಡಕ್ಕಿಗೂ ‘ಮಾಂಜೇ’ಗೂ ನಂಟಿಲ್ಲ: ಫ್ರೆಂಚ್ ಕ್ರಿಯಾಪದದ ಬೇರು ಹಿಡಿಯುವ ಬಗೆ

ಫ್ರೆಂಚಿನಲ್ಲಿ ‘ತಿನ್ನು’ ಅನ್ನುವುದಕ್ಕೆ ‘ಮಾಂಜೇ’. ಅದರ ಲ್ಯಾಟಿನ್ ಮೂಲ ‘ಮಂದೂಕಾರೆ’, ಅಂದರೆ ಅಗಿ. ದಾವಣಗೆರೆಯಲ್ಲಿ ಮಿರ್ಚಿ ಕಚ್ಚಿಕೊಂಡು ಮಂಡಕ್ಕಿ ಅಗಿಯುವವರು ಇದನ್ನು ‘ಮಂಡೂಕಾರೆ’ ಎಂದು ಬರೆದುಕೊಂಡು, ಮಂಡಕ್ಕಿಗೂ ಅದೇ ಬೇರು ಅಂದುಕೊಂಡರೆ ಕೆಲಸ ಕೆಟ್ಟಿತು. ಇಂಗ್ಲಿಷ್ ರೂಢಿಯಿಂದ ನಾವು ‘ಡ’ ಹಾಕುತ್ತೇವೆ, ಲ್ಯಾಟಿನ್‌ನದು ಹಲ್ಲಿಗೆ ತಾಗುವ ‘ದ’. ಮಂಡಕ್ಕಿಯಲ್ಲಿ ಅಕ್ಕಿ ಕಣ್ಣಿಗೇ ಕಾಣುತ್ತದೆ. ಮಂಡೂಕ, ಅಂದರೆ ಕಪ್ಪೆ, ಅದಂತೂ ಬೇಡವೇ ಬೇಡ.

ಮೊದಲು ಪದದ ಹಳೆಯ ರೂಪ ಹುಡುಕಿ. ಫ್ರೆಂಚ್ ಭಾಷಾ ಸಾಮಗ್ರಿಯ ಸಿಎನ್‌ಆರ್‌ಟಿಎಲ್ (CNRTL) ಜಾಲತಾಣದಲ್ಲಿ ‘ತ್ರೆಸೋರ್’ ಎಂಬ ದೊಡ್ಡ ಫ್ರೆಂಚ್ ನಿಘಂಟು ಉಚಿತವಾಗಿ ಸಿಗುತ್ತದೆ; ಅಲ್ಲಿ ವ್ಯುತ್ಪತ್ತಿಯ, ಅಂದರೆ ಪದ ಹುಟ್ಟಿದ ಬಗೆಯ, ಭಾಗ ತೆರೆಯಿರಿ. ಹಳೆಯ ಫ್ರೆಂಚಿನಲ್ಲಿ ಇದು ‘ಮಾಂಜಿಯೇರ್’.

ಆಮೇಲೆ ಧ್ವನಿ. ನಡುವಿನ ‘ಊ’ ಬಿದ್ದುಹೋಯಿತು, ‘ತಿನ್ನುತ್ತಾನೆ’ ನಮ್ಮ ಬಾಯಲ್ಲಿ ‘ತಿಂತಾನೆ’ ಆದ ಹಾಗೆ. ಉಳಿದ ‘ಮಂದ್‌ಕಾರೆ’ ಬರಹದಲ್ಲಿ ಸಿಕ್ಕಿದ ರೂಪವಲ್ಲ, ಊಹಿಸಿದ್ದು. ಅಂಥದ್ದನ್ನು ಬರೆಯುವಾಗ ಅದರ ಮೊದಲಿಗೆ ನಕ್ಷತ್ರ ಗುರುತು (*) ಹಾಕಲೇಬೇಕು. ಮುಂದೆ ‘ದ್‌ಕ’ ಸೇರಿ ‘ಜ’ ಆಯಿತು. ಒಂದೇ ಪದ ನೋಡಿ ಇದನ್ನು ನಂಬಬೇಡಿ. ಯೂದಿಕಾರೆ ‘ಜ್ಯೂಜೇ’ (ತೀರ್ಪು ಕೊಡು) ಆಗಿದೆ, ವಿಂದಿಕಾರೆ ‘ವಾಂಜೇ’ (ಸೇಡು ತೀರಿಸು) ಆಗಿದೆ. ಪಾಲ್-ಹಾಲು ಒಂದೇ ಇದ್ದಿದ್ದರೆ ಆಕಸ್ಮಿಕ ಅನ್ನಬಹುದಿತ್ತು. ಪುಲಿ-ಹುಲಿ, ಪೋಗು-ಹೋಗು ಸೇರಿದಾಗ ನಿಯಮ.

ಸೊಗಸಾದ ಸಾಕ್ಷಿ ಇನ್ನೊಂದಿದೆ. ಹಳೆಯ ಫ್ರೆಂಚಿನಲ್ಲಿ ‘ನಾನು ತಿನ್ನುತ್ತೇನೆ’ ಎಂಬುದಕ್ಕೆ ‘ಮಾಂಜು’ ಎಂಬ ರೂಪವಿತ್ತು. ಲ್ಯಾಟಿನ್ ‘ಮಂದೂಕೋ’ದಲ್ಲಿ (ನಾನು ಅಗಿಯುತ್ತೇನೆ) ಉಚ್ಚಾರಣೆಯ ಒತ್ತು ‘ಊ’ ಮೇಲೆಯೇ ಬೀಳುತ್ತಿದ್ದುದರಿಂದ ಆ ಸ್ವರ ಅಲ್ಲಿ ಉಳಿಯಿತು. ‘ನಾವು’ ರೂಪದಲ್ಲಿ ಒತ್ತು ಮುಂದಕ್ಕೆ ಸರಿದು ಅದು ಬಿತ್ತು. ಕಾಲಾನಂತರ ‘ನಾವು’ ರೂಪದ ಅಚ್ಚಿನಲ್ಲೇ ‘ನಾನು’ ರೂಪವೂ ‘ಮಾಂಜ್’ ಆಯಿತು. ಆದ್ದರಿಂದ ಇಂದಿನ ರೂಪಗಳನ್ನಷ್ಟೇ ಹಿಡಿದು ಹೊರಟರೆ ಈ ‘ಉ’ ಕೈಗೆ ಸಿಗುವುದೇ ಇಲ್ಲ.

ಅರ್ಥದ ಮಾತು. ತಿನ್ನುವುದಕ್ಕೆ ಲ್ಯಾಟಿನ್‌ನಲ್ಲಿ ‘ಎದೆರೆ’ ಇತ್ತು. ಅದರ ‘ತಿನ್ನುತ್ತಾನೆ’ ರೂಪ ‘ಏಸ್ತ್’, ‘ಇದ್ದಾನೆ’ ಎಂಬುದಕ್ಕೆ ‘ಎಸ್ತ್’. ಬರಹದಲ್ಲಿ ಎರಡೂ ಒಂದೇ. ಇಂಥ ಪುಟ್ಟ, ಗೊಂದಲದ ಪದದ ಜಾಗಕ್ಕೆ ಮೈತುಂಬಿದ ‘ಅಗಿ’ ಬಂದು ಕೂತಿತು. ಸ್ಪ್ಯಾನಿಷ್ ಬೇರೆ ದಾರಿ ಹಿಡಿದು ‘ಕೊಮೆದೆರೆ’ಯಿಂದ ‘ಕೊಮೇರ್’ ಮಾಡಿಕೊಂಡಿತು.

ಹೋಲಿಕೆಗೆ ಇಟಾಲಿಯನ್ನಿನ ‘ಮಂಜಾರೆ’ಯನ್ನು ಸಾಕ್ಷಿಯಾಗಿ ತರಬೇಡಿ. ಅದು ಫ್ರೆಂಚಿನಿಂದಲೇ ಕಡ ತಂದ ಪದ. ರೊಮೇನಿಯನ್ನಿನ ‘ಮಂಕಾ’ ನೇರ ಲ್ಯಾಟಿನ್ ವಾರಸುದಾರ, ಅದನ್ನು ಎಣಿಸಿ.