ತೇಜಸ್‌ಗೆ ಎಂಜಿನ್ ಆರಿಸುವುದು: ನಮ್ಮ ತರಗತಿಯಲ್ಲಿ ನಾವು ಹಾಕುವ ಲೆಕ್ಕ

ದಾವಣಗೆರೆಯ ಎಂಜಿನಿಯರಿಂಗ್ ಕಾಲೇಜೊಂದರಲ್ಲಿ ಮೆಕ್ಯಾನಿಕಲ್ ವಿಭಾಗದ ಮೇಷ್ಟ್ರು ನಾನು. ಕೊನೆಯ ವರ್ಷದವರಿಗೆ ಪ್ರಾಜೆಕ್ಟ್ ಕೊಡುವಾಗ ಕೆಲವು ವರ್ಷಗಳಿಂದ ಒಂದೇ ಪ್ರಶ್ನೆ ಇಡುತ್ತಿದ್ದೇನೆ: ತೇಜಸ್ ಯುದ್ಧವಿಮಾನಕ್ಕೆ ಎಂಜಿನ್ ಆರಿಸುವ ಕೆಲಸ ನಿಮ್ಮ ಪಾಲಿಗೆ ಬಂದಿದ್ದರೆ ಯಾವುದನ್ನು ಆರಿಸುತ್ತಿದ್ದಿರಿ, ಯಾಕೆ? ಕಾಗದದ ಮೇಲಿನ ಕೆಲಸವೇ ಸರಿ. ಆದರೂ ಇದರಷ್ಟು ಥರ್ಮೋಡೈನಮಿಕ್ಸ್ ಕಲಿಸುವ ಪ್ರಶ್ನೆ ನನಗೆ ಬೇರೆ ಸಿಕ್ಕಿಲ್ಲ.

ಮೊದಲ ವಾರ ಎಲ್ಲ ತಂಡಗಳೂ ತರುವುದು ಥ್ರಸ್ಟ್ (ಎಂಜಿನ್ ವಿಮಾನವನ್ನು ಮುಂದೆ ದೂಡುವ ಬಲ) ಪಟ್ಟಿಯನ್ನೇ. ಆಫ್ಟರ್‌ಬರ್ನರ್ (ಟರ್ಬೈನಿನ ಹಿಂದೆ ಇನ್ನಷ್ಟು ಇಂಧನ ಸುರಿದು ಉರಿಸುವ ಭಾಗ) ಹಚ್ಚಿದಾಗ ಅಮೆರಿಕದ ಜಿಇ ಎಫ್404-ಐಎನ್20 ಸುಮಾರು 85 ಕಿಲೋನ್ಯೂಟನ್, ಯುರೋಪಿನ ಇಜೆ200 ಸುಮಾರು 90, ಜಿಇ ಎಫ್414 ಸುಮಾರು 98. ತೇಜಸ್‌ಗೆಂದೇ ನಮ್ಮ ದೇಶದಲ್ಲಿ ಮಾಡಹೊರಟ ಕಾವೇರಿ ಎಂಜಿನ್ನಿಗೆ ಇಟ್ಟುಕೊಂಡಿದ್ದ ಗುರಿ 81. ಮುಟ್ಟಿದ್ದು 70ರ ಆಸುಪಾಸು. ‘ದೊಡ್ಡ ನಂಬರ್ ಇರೋದನ್ನ ಹಾಕಿದ್ರಾಯ್ತಲ್ಲ ಸರ್’ ಅನ್ನುವವರು ಪ್ರತಿ ಬ್ಯಾಚಿನಲ್ಲೂ ಇರುತ್ತಾರೆ.

ಆಗ ನಾನು ಏಪ್ರಿಲ್ ತಿಂಗಳ ಲೆಕ್ಕ ಹಾಕಿಸುತ್ತೇನೆ. ಕ್ಯಾಟಲಾಗಿನ ಅಂಕಿ ಸಮುದ್ರಮಟ್ಟದ, 15 ಡಿಗ್ರಿ ಗಾಳಿಯದ್ದು. ಆ ಗಾಳಿ ಘನಮೀಟರಿಗೆ 1.225 ಕೆಜಿ ತೂಗುತ್ತದೆ. ನಮ್ಮೂರು ಸುಮಾರು 600 ಮೀಟರ್ ಎತ್ತರದಲ್ಲಿದೆ. ಮಧ್ಯಾಹ್ನ 38 ಡಿಗ್ರಿ ಬಿಸಿಲಿದ್ದರೆ ಅದೇ ಘನಮೀಟರ್ ಗಾಳಿ 1.06 ಕೆಜಿ ಆಸುಪಾಸು, ಅಂದರೆ ಶೇ 14ರಷ್ಟು ಹಗುರ. ಒಳಗೆ ಹೋಗುವ ಗಾಳಿಯ ತೂಕ ಇಳಿದಂತೆ ಥ್ರಸ್ಟೂ ಇಳಿಯುತ್ತದೆ. ಒರಟು ಲೆಕ್ಕದಲ್ಲಿ 85 ಹೋಗಿ 73 ಆಯಿತು. ರೆಕ್ಕೆಯಡಿ ಹೊರೆಯಿಲ್ಲದೆ ಹಾರಲು ಸಿದ್ಧವಾದ ತೇಜಸ್ ಸುಮಾರು 9,800 ಕೆಜಿ. ಥ್ರಸ್ಟನ್ನು ಅದರ ತೂಕದಿಂದ ಭಾಗಿಸಿದರೆ 0.88 ಬರಬೇಕಿದ್ದದ್ದು 0.76ಕ್ಕೆ ಬರುತ್ತದೆ. ಗರಿಷ್ಠ ತೂಕ 13,500 ಕೆಜಿ ಹೊತ್ತು ಏರಬೇಕಾದರೆ 0.55. ಯಾವ ಎಂಜಿನ್ ಬೇಕು ಅನ್ನುವ ಮಾತು ನಿಜವಾಗಿ ಶುರುವಾಗುವುದು ಈ 0.55ರಿಂದ.

ಇದರ ಬೆನ್ನಿಗೇ ಇಂಧನ. ಎಫ್404 ಕುಟುಂಬದ ಎಂಜಿನ್ ಆಫ್ಟರ್‌ಬರ್ನರ್‌ನಲ್ಲಿ ಸೆಕೆಂಡಿಗೆ ಹೆಚ್ಚುಕಡಿಮೆ 4 ಕೆಜಿ ಇಂಧನ ಕುಡಿಯುತ್ತದೆ. ತೇಜಸ್‌ನ ಒಳಗಿನ ಟ್ಯಾಂಕುಗಳಲ್ಲಿ ಹಿಡಿಯುವುದು ಸುಮಾರು 2,450 ಕೆಜಿ. ಹತ್ತು ನಿಮಿಷಕ್ಕೆ ಖಾಲಿ. ಇದನ್ನು ತಾವೇ ಭಾಗಿಸಿ ನೋಡಿದ ಮೇಲೆ ಹುಡುಗರು ಆಫ್ಟರ್‌ಬರ್ನರ್ ಇಲ್ಲದ ‘ಡ್ರೈ’ ಥ್ರಸ್ಟಿನ ಕಾಲಮ್ಮನ್ನು ಗಂಭೀರವಾಗಿ ನೋಡತೊಡಗುತ್ತಾರೆ. ವಿಮಾನ ತನ್ನ ಹೆಚ್ಚಿನ ಆಯುಷ್ಯ ಕಳೆಯುವುದು ಅಲ್ಲೇ.

ಇನ್ನು ಅಳತೆ. ವರ್ಕ್‌ಶಾಪಿನಲ್ಲಿ ಲೇತ್‌ಗಳ ನಡುವೆ ಖಾಲಿ ನೆಲವಿದೆ. ಅಲ್ಲಿ ಸುಣ್ಣದ ಕಡ್ಡಿಯಿಂದ ಎಫ್404 ಬರೆಸುತ್ತೇನೆ: ಉದ್ದ 3.9 ಮೀಟರ್, ಅಗಲ 89 ಸೆಂಟಿಮೀಟರ್. ಮುಂದೆ ಫ್ಯಾನ್, ನಡುವೆ ಕಂಪ್ರೆಸರ್, ದಹನ ಕೋಣೆ, ಟರ್ಬೈನ್, ಆಮೇಲೆ ಅರ್ಧಕ್ಕೆ ಹತ್ತಿರ ಜಾಗ ತಿನ್ನುವ ಆಫ್ಟರ್‌ಬರ್ನರ್ ಕೊಳವೆ. ಅದರ ಮೇಲೆ ಎಫ್414 ಬರೆಯಿರಿ ಅಂದರೆ ಗೆರೆ ಎಳೆಯುವ ಕೆಲಸವೇ ಇರುವುದಿಲ್ಲ. ಹೊರಗಿನ ಅಳತೆ ಬಹುತೇಕ ಅದೇ. ‘ಹಂಗಾದ್ರೆ ಇದನ್ನ ತೆಗ್ದು ಅದನ್ನ ಕೂರ್ಸಿದ್ರೆ ಮುಗೀತು’ ಅಂತ ಯಾರಾದರೂ ಹೇಳಿಯೇ ಹೇಳುತ್ತಾರೆ.

ಮುಗಿಯುವುದಿಲ್ಲ. ಎಫ್404ಕ್ಕೆ ಸೆಕೆಂಡಿಗೆ ಬೇಕಾದ ಗಾಳಿ 66 ಕೆಜಿಯ ಮೇಲೆ ಚೂರುಪಾರು, ಎಫ್414ಕ್ಕೆ ಸುಮಾರು 77. ಆ ಗಾಳಿ ಬರಬೇಕಾದದ್ದು ವಿಮಾನದ ಪಕ್ಕದ ಇನ್‌ಟೇಕ್‌ಗಳಿಂದ. ಅವುಗಳ ಬಾಯಿ ಹಳೆಯ ಎಂಜಿನ್ನಿಗೆ ಅಳೆದು ಮಾಡಿದ್ದು. ಎರಡಿಂಚು ನೀರಿರುವ ಬೋರಿಗೆ ಹದಿನೈದು ಎಚ್‌ಪಿ ಮೋಟರ್ ಇಳಿಸಿದರೆ ಏನಾಗುತ್ತದೆ ಅನ್ನುವುದನ್ನು ಚನ್ನಗಿರಿ ಕಡೆಯ ಅಡಿಕೆ ತೋಟದ ಹುಡುಗರಿಗೆ ನಾನು ಹೇಳಿಕೊಡಬೇಕಿಲ್ಲ. ಇನ್‌ಟೇಕ್ ಅಗಲವಾಗಬೇಕು, ಅದಕ್ಕೆ ಫ್ರೇಮುಗಳು ಬದಲಾಗಬೇಕು, ಒಳಗಿನ ಟ್ಯಾಂಕು ಸರಿಯಬೇಕು. 2010ರಲ್ಲಿ ತೇಜಸ್ ಮಾರ್ಕ್-2ಕ್ಕೆ ಇಜೆ200 ಬಿಟ್ಟು ಎಫ್414 ಆರಿಸಿದರು; ಆ ವಿಮಾನ ಬೆಳೆಯುತ್ತ ಬೆಳೆಯುತ್ತ ಈಗ 17.5 ಟನ್ನಿನ ಬೇರೆಯೇ ವಿಮಾನವಾಗಿದೆ.

ತೂಕದ ವಿಷಯವೂ ಹೀಗೇ. ಕಾವೇರಿ 1,100 ಕೆಜಿಯೊಳಗೆ ಇರಬೇಕಿತ್ತು, 1,235ಕ್ಕೆ ಬಂತು. ಎಫ್404 1,036ರ ಸುತ್ತಮುತ್ತ. ಇನ್ನೂರು ಕೆಜಿ ಬಾಲದಲ್ಲಿ ಹೆಚ್ಚಾದರೆ ಇಡೀ ವಿಮಾನದ ಗುರುತ್ವಕೇಂದ್ರ ಹಿಂದೆ ಜರುಗುತ್ತದೆ. ಸರಿದೂಗಿಸಲು ಮೂಗಿನಲ್ಲಿ ಭಾರ ಹೇರಬೇಕು. 2008ರಲ್ಲಿ ಕಾವೇರಿಯನ್ನು ತೇಜಸ್‌ನಿಂದ ಬೇರ್ಪಡಿಸಿದ್ದಕ್ಕೆ ನಮ್ಮ ಹುಡುಗರು ಮೊದಮೊದಲು ಸಿಟ್ಟಾಗುತ್ತಾರೆ. ಲೆಕ್ಕ ಹಾಕಿದ ಮೇಲೂ ಬೇಜಾರಿರುತ್ತದೆ, ಸಿಟ್ಟು ಇರುವುದಿಲ್ಲ.

ಇಷ್ಟಕ್ಕೆ ಪುಸ್ತಕದ ಭಾಗ ಮುಗಿಯಿತು. ನಾನು ಒಟ್ಟು ಅಂಕದಲ್ಲಿ ಅರ್ಧದಷ್ಟನ್ನು ಮೀಸಲಿಡುವುದು ಇದರಾಚೆಗೆ: ಎಂಜಿನ್ ಯಾರ ಕೈಯಲ್ಲಿದೆ? ಇಲ್ಲಿ ಎಚ್‌ಎಫ್-24 ಮಾರುತ್ ವಿಮಾನದ ಕತೆ ಓದಿಸುತ್ತೇನೆ. ಜರ್ಮನಿಯ ವಿಮಾನ ವಿನ್ಯಾಸಕ ಕರ್ಟ್ ಟ್ಯಾಂಕ್ ಅವರ ತಂಡ ಬೆಂಗಳೂರಿನಲ್ಲಿ ರೂಪಿಸಿದ ಆ ವಿಮಾನ 1961ರ ಜೂನ್ 17ರಂದು ಹಾರಿತು. ಅದನ್ನು ಕಡೆದದ್ದು ಆರ್ಫಿಯಸ್ ಬಿಒಆರ್ 12 ಎಂಜಿನ್ನನ್ನು ನಂಬಿ; ವಿಮಾನಕ್ಕೆ ಎರಡು, ತಲಾ ಸುಮಾರು 36 ಕಿಲೋನ್ಯೂಟನ್. ಬ್ರಿಟನ್ ಅದರ ಖರ್ಚಿಗೆ ನಿಲ್ಲಲಿಲ್ಲ, ನಾವೂ ದುಡ್ಡು ಹಾಕಲಿಲ್ಲ. ಕೊನೆಗೆ ಕೂತದ್ದು 21.6 ಕಿಲೋನ್ಯೂಟನ್ನಿನ, ಆಫ್ಟರ್‌ಬರ್ನರ್ ಇಲ್ಲದ ಆರ್ಫಿಯಸ್ 703. ಶಬ್ದದ ವೇಗ ಮೀರಲೆಂದು ಕಡೆದ ದೇಹ ನೇರ ಹಾರಾಟದಲ್ಲಿ ಅದನ್ನು ಮೀರಲೇ ಇಲ್ಲ. 1971ರ ಯುದ್ಧದಲ್ಲಿ ಚೆನ್ನಾಗಿಯೇ ಕೆಲಸ ಮಾಡಿತು, ಆ ಮಾತು ಬೇರೆ.

ತೇಜಸ್‌ಗೂ ಇದೇ ಕಾಟ. 1998ರ ಪೋಖ್ರಾನ್ ಪರೀಕ್ಷೆಯ ನಂತರ ಅಮೆರಿಕದ ನಿರ್ಬಂಧ ಬಂತು. 2021ರಲ್ಲಿ ತೇಜಸ್‌ನ ಸುಧಾರಿತ ರೂಪ ಮಾರ್ಕ್-1ಎಗೆಂದು 99 ಎಫ್404 ಎಂಜಿನ್‌ಗಳಿಗೆ ಆರ್ಡರ್ ಕೊಟ್ಟರು. ಮೊದಲನೆಯದು ಕೈಗೆ ಬಂದದ್ದು 2025ರ ಮಾರ್ಚಿನಲ್ಲಿ. ಸ್ವೀಡನ್ನಿನ ಗ್ರಿಪೆನ್ ಯುದ್ಧವಿಮಾನಕ್ಕೂ ಅಮೆರಿಕದ ಎಂಜಿನ್ನೇ; ಬೇರೆ ದೇಶಕ್ಕೆ ಮಾರಬೇಕಾದರೆ ಅವರೂ ಅಮೆರಿಕವನ್ನು ಕೇಳಬೇಕು. ಥ್ರಸ್ಟಿನ ಪಟ್ಟಿಯಲ್ಲಿ ಇದಕ್ಕೆ ಕಾಲಮ್ಮೇ ಇಲ್ಲ. ನಾನಂತೂ ಇದನ್ನೇ ಮೊದಲ ಕಾಲಮ್ ಮಾಡಿಸುತ್ತೇನೆ.

ಹೆಚ್ಚಿನ ತಂಡಗಳು ಕೊನೆಗೆ ಎಫ್404ಕ್ಕೇ ಬಂದು ನಿಲ್ಲುತ್ತವೆ. ಒಂದು ವರ್ಷ ಚಳ್ಳಕೆರೆ ಕಡೆಯ ಹುಡುಗಿಯೊಬ್ಬಳು ಬೇರೆ ದಾರಿ ಹಿಡಿದಳು. ಅವರೂರಿನ ಹತ್ತಿರವೇ ಡಿಆರ್‌ಡಿಒದ ವೈಮಾನಿಕ ಪರೀಕ್ಷಾ ವಲಯ. 2022ರ ಜುಲೈ 1ರಂದು ಪೈಲಟ್ ಇಲ್ಲದ, ಬಾಲವಿಲ್ಲದ ಪುಟ್ಟ ಜೆಟ್ ಹಾರಿದ್ದು ಅಲ್ಲೇ. ಅಂಥ ವಿಮಾನದ ದೊಡ್ಡ ರೂಪಕ್ಕೆ ಆಫ್ಟರ್‌ಬರ್ನರ್ ಬೇಡ, 50 ಕಿಲೋನ್ಯೂಟನ್ ಡ್ರೈ ಥ್ರಸ್ಟ್ ಸಾಕು, ಅದು ಕಾವೇರಿಯಲ್ಲಿ ಹತ್ತಿರಹತ್ತಿರ ಇದ್ದೇ ಇದೆ ಅಂತ ಲೆಕ್ಕ ಕಟ್ಟಿ ತಂದಿದ್ದಳು. ಡಿಆರ್‌ಡಿಒ ಯೋಚನೆಯೂ ಅದೇ ದಿಕ್ಕಿನದು. ವೈವಾಗೆ ಬಂದ ಪರೀಕ್ಷಕರು ‘ಕೇಳಿದ್ದು ತೇಜಸ್ ಅಲ್ಲವೇನಮ್ಮ’ ಅಂದರು. ನಾನು ಪೂರ್ತಿ ಅಂಕ ಕೊಡಿಸಿದೆ.

ಈ ಸಲ ಪ್ರಶ್ನೆ ಬದಲಾಯಿಸಿದ್ದೇನೆ. ನಮ್ಮ ದೇಶ ರೂಪಿಸುತ್ತಿರುವ ಎರಡು ಎಂಜಿನ್ನಿನ ಯುದ್ಧವಿಮಾನ ಎಎಂಸಿಎ ಮೊದಲು ಎಫ್414 ಹೊತ್ತು ಹಾರುತ್ತದೆ. ಫ್ರಾನ್ಸಿನ ಸಫ್ರಾನ್ ಜೊತೆ ಸೇರಿ ಮಾಡಬೇಕೆಂದಿರುವ 120 ಕಿಲೋನ್ಯೂಟನ್ ಎಂಜಿನ್ ಆಮೇಲೆ ಬರಬೇಕು. ಇನ್ನೂ ಹುಟ್ಟದ ಎಂಜಿನ್ನಿಗೆ ಈಗಲೇ ಇನ್‌ಟೇಕ್ ಎಷ್ಟು ದೊಡ್ಡದಿಡುತ್ತೀರಿ, ಅಲ್ಲಿಯವರೆಗೆ ಹೆಚ್ಚಾದ ಗಾಳಿಯನ್ನು ಎಲ್ಲಿಗೆ ಬಿಡುತ್ತೀರಿ ಅಂತ ಕೇಳಿದ್ದೇನೆ. ಸದ್ಯಕ್ಕೆ ಎರಡು ತಂಡದವರು ಬೈಪಾಸ್ ಬಾಗಿಲಿನ ಚಿತ್ರ ತಂದು ತೋರಿಸಿದ್ದಾರೆ, ಲೆಕ್ಕ ಇನ್ನೂ ತಂದಿಲ್ಲ.